ಎಷ್ಟು ಶಾಖೆಯಲ್ಲಿಟ್ಟರೂ ವಿಮೆ 5 ಲಕ್ಷವೇ

ಕಾಫಿ ಮಾರಿದ ದುಡ್ಡು ಬ್ಯಾಂಕಿಗೆ ಬೀಳುವ ಕಾಲದಲ್ಲಿ ನನ್ನ ಹತ್ತಿರ ಬರುವ ಬೆಳೆಗಾರರೆಲ್ಲ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತಾರೆ. "ಆಡಿಟರೇ, ಪೊನ್ನಂಪೇಟೆಯಲ್ಲಿ 5 ಲಕ್ಷ, ವಿರಾಜಪೇಟೆಯಲ್ಲಿ 5, ಮಡಿಕೇರಿಯಲ್ಲಿ 5 ಇಟ್ಟಿದ್ದೇನೆ. ಬ್ಯಾಂಕ್ ಮುಳುಗಿದರೂ ಸರ್ಕಾರ ಕೊಡುತ್ತೆ ಅಲ್ವಾ?" ಮೂರೂ ಯಾವ ಬ್ಯಾಂಕು ಅಂತ ಕೇಳಿದರೆ, ಒಂದೇ ಬ್ಯಾಂಕು!

ದಯವಿಟ್ಟು ಗಮನಿಸಿ. ಬ್ಯಾಂಕ್ ಮುಳುಗಿದರೆ ಠೇವಣಿಗೆ ಸಿಗುವ ವಿಮೆ ಇರುವುದು ಶಾಖೆಗಲ್ಲ, ಎಫ್‌ಡಿ ಬಾಂಡಿಗೂ ಅಲ್ಲ. ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳ ಎಲ್ಲ ಖಾತೆ ಸೇರಿಸಿ 5 ಲಕ್ಷ. ಎಸ್‌ಬಿ ಖಾತೆಯಲ್ಲಿರುವ ಪುಡಿ ಹಣವೂ ಅದರೊಳಗೇ ಬಂತು. ಬಡ್ಡಿಯೂ ಅದರೊಳಗೇ. ಅಂದರೆ ಸರಿಯಾಗಿ 5 ಲಕ್ಷ ಅಸಲು ಇಟ್ಟವರ ಬಡ್ಡಿಗೆ ವಿಮೆಯೇ ಇಲ್ಲ. ಅದೇ ಬ್ಯಾಂಕಿನಲ್ಲಿ ಬೆಳೆ ಸಾಲ ಬಾಕಿ ಇದ್ದರೆ ಅದನ್ನು ಮುರಿದುಕೊಂಡು ಉಳಿದದ್ದು ಸಿಗುತ್ತದೆ.

ಬ್ಯಾಂಕುಗಳು ವಿಲೀನವಾದ ಮೇಲೆ ಇನ್ನೊಂದು ಪೇಚು. ಮೊನ್ನೆ ಒಬ್ಬ ಅಜ್ಜಿ ಎರಡು ಬಾಂಡು ತಂದಿದ್ದರು. ಒಂದರ ಮೇಲೆ ಹಳೆಯ ಕಾರ್ಪೊರೇಷನ್ ಬ್ಯಾಂಕಿನ ಕವರು, ಇನ್ನೊಂದು ಯೂನಿಯನ್ ಬ್ಯಾಂಕಿನದ್ದು. ಎರಡು ಕಡೆ ಇಟ್ಟಿದ್ದೇನೆ ಎಂಬ ನೆಮ್ಮದಿ ಅವರದ್ದು. 2020ರ ಏಪ್ರಿಲ್ 1ರಿಂದ ಅವೆರಡೂ ಒಂದೇ ಬ್ಯಾಂಕು. ವಿಜಯಾ ಬ್ಯಾಂಕಿನವರೂ ಅಷ್ಟೇ, ಈಗ ಬ್ಯಾಂಕ್ ಆಫ್ ಬರೋಡಾದ ಲೆಕ್ಕಕ್ಕೆ ಸೇರುತ್ತಾರೆ. ಹಾಗಂತ ಹೆದರಿ ಬಾಂಡು ಮುರಿಸಬೇಡಿ ಎಂದು ಅಜ್ಜಿಗೆ ಹೇಳಿ ಕಳಿಸಿದೆ. ಸರ್ಕಾರಿ ಬ್ಯಾಂಕುಗಳು ಸೊರಗಿದಾಗ ಕೇಂದ್ರ ಸರ್ಕಾರ ಬಂಡವಾಳ ಸುರಿದು ನಿಲ್ಲಿಸಿದೆ. 2017ರಲ್ಲಿ 2.11 ಲಕ್ಷ ಕೋಟಿಯ ಯೋಜನೆಯನ್ನೇ ಪ್ರಕಟಿಸಿತ್ತು. 2020ರಲ್ಲಿ ಖಾಸಗಿ ಯೆಸ್ ಬ್ಯಾಂಕ್ ಎಡವಿದಾಗಲೂ ಎಸ್‌ಬಿಐ ಮತ್ತು ಬೇರೆ ಬ್ಯಾಂಕುಗಳು ಹಣ ಹಾಕಿದವು, ಠೇವಣಿದಾರರ ದುಡ್ಡು ಉಳಿಯಿತು. ಆದರೆ ಅದೆಲ್ಲ ಆ ಹೊತ್ತಿನ ತೀರ್ಮಾನ. ಹಕ್ಕಿನಿಂದ ಕೇಳಬಹುದಾದದ್ದು ಈ 5 ಲಕ್ಷ ಮಾತ್ರ. 2020ರ ಫೆಬ್ರವರಿವರೆಗೆ ಅದೂ 1 ಲಕ್ಷವೇ ಇತ್ತು.

ಈ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮಾ ನಿಗಮ, ಡಿಐಸಿಜಿಸಿ. ಪ್ರೀಮಿಯಂ ಕಟ್ಟುವುದು ಬ್ಯಾಂಕು, ನಿಮ್ಮಿಂದ ಒಂದು ಪೈಸೆಯೂ ಇಲ್ಲ. ರಿಸರ್ವ್ ಬ್ಯಾಂಕ್ ಹಣ ತೆಗೆಯದಂತೆ ನಿರ್ಬಂಧ ಹಾಕಿದರೆ, 2021ರ ತಿದ್ದುಪಡಿಯ ಪ್ರಕಾರ ಸಾಮಾನ್ಯವಾಗಿ 90 ದಿನದೊಳಗೆ ವಿಮೆಯ ಹಣ ಬರಬೇಕು. ಮೊದಲು ಬ್ಯಾಂಕು ಮುಚ್ಚುವವರೆಗೂ ವರ್ಷಗಟ್ಟಲೆ ಕಾಯಬೇಕಿತ್ತು.

ಗಂಡನ ಹೆಸರಲ್ಲೊಂದು, ಹೆಂಡತಿಯ ಹೆಸರಲ್ಲೊಂದು, ಇಬ್ಬರದ್ದೂ ಸೇರಿ ಜಂಟಿಯಾಗಿ ಒಂದು ಇಟ್ಟರೆ ಒಂದೊಂದಕ್ಕೂ ಬೇರೆ ಬೇರೆ 5 ಲಕ್ಷದ ವಿಮೆ ಸಿಗುತ್ತದೆ. ಆದರೆ ಸುಮ್ನೆ ಹೆಸರು ಬದಲಿಸಬೇಡಿ. ತೆರಿಗೆಯ ಲೆಕ್ಕವೂ ಉಂಟು, ಮೊದಲು ಒಮ್ಮೆ ಕೇಳಿ.

ನನಗೆ ಜಾಸ್ತಿ ಚಿಂತೆ ಇರುವುದು ಸಹಕಾರ ಸಂಘಗಳಲ್ಲಿಟ್ಟ ಠೇವಣಿಯದ್ದು. ಸಹಕಾರ ಇಲಾಖೆಯಲ್ಲಿ ನೋಂದಣಿ ಆಗಿದೆ, ಅಧ್ಯಕ್ಷರು ನಮ್ಮ ಊರಿನವರೇ, ಬಡ್ಡಿಯೂ ಮುಕ್ಕಾಲು ಪರ್ಸೆಂಟ್ ಜಾಸ್ತಿ ಎನ್ನುತ್ತಾರೆ. ಒಪ್ಪುತ್ತೇನೆ, ಕಷ್ಟಕ್ಕೆ ಆಗುವವರೂ ಅವರೇ. ಆದರೆ ಕೃಷಿ ಪತ್ತಿನ ಸಂಘಕ್ಕಾಗಲಿ, ಬ್ಯಾಂಕಿಂಗ್ ಲೈಸೆನ್ಸ್ ಇಲ್ಲದ ಪತ್ತಿನ ಸೌಹಾರ್ದ ಸಹಕಾರಿಗಾಗಲಿ ಈ ವಿಮೆ ಇಲ್ಲ. ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಿಗೆ ಇದೆ. ಮಗಳ ಮದುವೆಗೆ ಎತ್ತಿಟ್ಟ ದುಡ್ಡನ್ನು ಅಲ್ಲಿಡುವ ಮೊದಲು, ಡಿಐಸಿಜಿಸಿ ವೆಬ್‌ಸೈಟಿನ ವಿಮೆ ಇರುವ ಬ್ಯಾಂಕುಗಳ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ಮಕ್ಕಳ ಕೈಯಲ್ಲಿ ನೋಡಿಸಿ.