ಮಲಗುವ ಜಾಗ ಆಮೇಲೆ, ಮೊದಲು ಟ್ಯಾಂಕ್ ಖಾಲಿ ಮಾಡುವ ಜಾಗ ಹುಡುಕಿ

ಮಲೆನಾಡಿಗೆ ಕ್ಯಾಂಪರ್ ವ್ಯಾನ್ ತಗೊಂಡು ಬರುವವರು ಈಗೀಗ ಜಾಸ್ತಿ ಆಗಿದ್ದಾರೆ. ಟೆಂಪೋ ಟ್ರಾವೆಲರ್ ಒಳಗೇ ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಮಾಡಿಸಿಕೊಂಡವರು ಇದ್ದಾರೆ, ಕ್ಯಾರವಾನ್ ಬಾಡಿಗೆಗೆ ಹಿಡಿದು ಬರುವವರೂ ಇದ್ದಾರೆ. ಇವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ರಾತ್ರಿ ಗಾಡಿ ಎಲ್ಲಿ ನಿಲ್ಲಿಸಬಹುದು, ಹೊಳೆ ಕಾಣುವ ಜಾಗ ಯಾವುದಿದೆ? ನಾನು ತಿರುಗಿ ಕೇಳುವುದೂ ಒಂದೇ. ಟ್ಯಾಂಕ್ ಎಲ್ಲಿ ಖಾಲಿ ಮಾಡುತ್ತೀರಿ? ಇದಕ್ಕೆ ಬಹಳ ಜನರ ಹತ್ತಿರ ಉತ್ತರ ಇರುವುದಿಲ್ಲ. ಊರು ಬಿಡುವ ಮುಂಚೆ ಗೊತ್ತಿರಬೇಕಾದ ವಿಷಯ ಇದು.

ಶಿವಮೊಗ್ಗ ಸುತ್ತಮುತ್ತ ಹೋಂಸ್ಟೇ, ಹಾಸ್ಟೆಲ್, ಕಲ್ಯಾಣ ಮಂಟಪಗಳಿಗೆ ಸೆಪ್ಟಿಕ್ ಟ್ಯಾಂಕ್ ಮತ್ತು ಕೊಳಚೆ ನೀರಿನ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಇಲ್ಲಿ ಮಣ್ಣಿನ ಕೆಳಗೆ ಏನು ನಡೆಯುತ್ತದೆ ಅನ್ನುವುದನ್ನು ದಿನಾ ನೋಡುತ್ತೇನೆ. ಅದನ್ನೇ ಬರೆಯುತ್ತಿದ್ದೇನೆ.

ಗಾಡಿಯಲ್ಲಿ ಎರಡು ಥರದ ಕೊಳೆ ನೀರು ಇರುತ್ತದೆ. ಒಂದು ಬಚ್ಚಲ ನೀರು, ಅಂದರೆ ಸ್ನಾನ ಮಾಡಿದ್ದು, ಪಾತ್ರೆ ತೊಳೆದದ್ದು, ಹಲ್ಲುಜ್ಜಿದ್ದು. ಇನ್ನೊಂದು ಕಕ್ಕಸಿನ ನೀರು. ಎರಡನ್ನೂ ಬೇರೆ ಬೇರೆ ಟ್ಯಾಂಕಿನಲ್ಲಿ ಹಿಡಿಯಬೇಕು, ಬೇರೆ ಬೇರೆಯಾಗಿಯೇ ನೋಡಿಕೊಳ್ಳಬೇಕು. ನಮ್ಮಲ್ಲಿ ತಯಾರಾಗುವ ಎಷ್ಟೋ ಗಾಡಿಗಳಲ್ಲಿ ಸಿಂಕಿನ ಪೈಪನ್ನು ನೇರವಾಗಿ ಗಾಡಿಯ ಅಡಿಗೆ ಬಿಟ್ಟಿರುತ್ತಾರೆ, ನೀರು ರಸ್ತೆಗೆ ಸುರಿಯುತ್ತಾ ಹೋಗುತ್ತದೆ. ಗಾಡಿ ಕಟ್ಟಿಸುವವರು ದಯವಿಟ್ಟು ಇದನ್ನು ಒಪ್ಪಿಕೊಳ್ಳಬೇಡಿ. ಒಳ್ಳೆ ನೀರಿನ ಟ್ಯಾಂಕ್ ಎಷ್ಟು ದೊಡ್ಡದೋ, ಬಚ್ಚಲ ನೀರಿನ ಟ್ಯಾಂಕೂ ಅಷ್ಟಾದರೂ ಇರಲಿ. ಕೆಳಗೊಂದು ಬಾಲ್ ವಾಲ್ವ್ ಹಾಕಿಸಿ.

ಈಗ ಈ ನೆಲದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಮಲೆನಾಡಿನಲ್ಲಿ "ಯಾರೂ ಇಲ್ಲದ ಕಡೆ ಸುಮ್ನೆ ಚೆಲ್ಲಿದರೆ ಆಯ್ತು" ಅನ್ನುವಂಥ ಕಡೆಯೇ ಇಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಎಷ್ಟೋ ಮನೆಗಳಿಗೆ ಇವತ್ತಿಗೂ ಅಬ್ಬಿ ನೀರೇ ಗತಿ. ಗುಡ್ಡದ ಮೇಲೆಲ್ಲೋ ಹುಟ್ಟುವ ನೀರಿಗೆ ಕಪ್ಪು ಪೈಪ್ ಹಾಕಿ ಮನೆಯ ತೊಟ್ಟಿಗೆ ಇಳಿಸಿಕೊಂಡಿರುತ್ತಾರೆ. ಪಂಪು ಇಲ್ಲ, ಫಿಲ್ಟರ್ ಇಲ್ಲ, ನೇರ ಲೋಟಕ್ಕೆ. ನೀವು ಗಾಡಿ ನಿಲ್ಲಿಸಲು ಇಷ್ಟಪಡುವ ಜಾಗ ಯಾವುದು? ಗುಡ್ಡದ ನೆತ್ತಿ, ರಸ್ತೆ ತಿರುವಿನ ಬಯಲು, ಅಲ್ವಾ? ಅಲ್ಲಿ ಬಿಟ್ಟ ಟ್ಯಾಂಕಿನ ನೀರು ಇಳಿಯುವುದು ಆ ಅಬ್ಬಿಯ ಕಡೆಗೇ. ಮನೆ ಮರದ ಮರೆಯಲ್ಲಿ ಇರುತ್ತದೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಇನ್ನು ಬಾವಿ. ಇಲ್ಲಿಯ ಜಂಬಿಟ್ಟಿಗೆ ನೆಲ ನೋಡಲು ಗಟ್ಟಿ, ಆದರೆ ಒಳಗೆಲ್ಲ ತೂತು, ಬಿರುಕು. ಸಾಧಾರಣ ಮಣ್ಣಾದರೆ ಕೊಳೆ ನೀರು ನಿಧಾನಕ್ಕೆ ಇಳಿಯುತ್ತದೆ, ಇಳಿಯುತ್ತಾ ಸೋಸಿ ಹೋಗುತ್ತದೆ, ದಾರಿಯಲ್ಲೇ ಬಹಳಷ್ಟು ರೋಗಾಣುಗಳು ಸಾಯುತ್ತವೆ. ಜಂಬಿಟ್ಟಿಗೆಯ ಬಿರುಕಿನಲ್ಲಿ ಆ ಸೋಸುವಿಕೆ ನಡೆಯುವುದೇ ಇಲ್ಲ, ನೀರು ಓಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಮಳೆಗಾಲದಲ್ಲಿ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುವ ಊರುಗಳು ಎಷ್ಟೋ ಇವೆ. ಆಗ ಕಕ್ಕಸಿನ ಹೊಂಡಕ್ಕೂ ಬಾವಿಗೂ ನಡುವೆ ಒಣ ಮಣ್ಣು ಅನ್ನುವುದೇ ಉಳಿಯುವುದಿಲ್ಲ.

ಲಿಂಗನಮಕ್ಕಿ ಹಿನ್ನೀರಿನ ಬಗ್ಗೆ ಬೇರೆಯಾಗಿ ಹೇಳಬೇಕು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹೊನ್ನೆಮರಡು ಕಡೆಯೆಲ್ಲ ದಡದಲ್ಲಿ ಚೆಂದದ ಹಸಿರು ಬಯಲು ಏಳುತ್ತದೆ. 2025ರಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯದೆ ದೊಡ್ಡ ಗಾಡಿಗಳೂ ಆಚೆ ದಡಕ್ಕೆ ಹೋಗಬಹುದು. ಅಂಥ ಬಯಲಿನಲ್ಲಿ ಒಂದು ಗುಂಡಿ ತೋಡಿ, ಕ್ಯಾಸೆಟ್ (ಟಾಯ್ಲೆಟ್ಟಿನ ಕೆಳಗಿಂದ ಎಳೆದು ತೆಗೆಯುವ ಸಣ್ಣ ಟ್ಯಾಂಕ್) ಸುರಿದು, ಮಣ್ಣು ಮುಚ್ಚಿ "ಹೂತುಬಿಟ್ಟಿದ್ದೇವೆ ಸಾರ್, ಗಲೀಜು ಮಾಡಿಲ್ಲ" ಅನ್ನುವವರಿದ್ದಾರೆ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ನನಗೆ ಗೊತ್ತು. ಆದರೆ ಆ ಬಯಲು ನೆಲವಲ್ಲ, ಜಲಾಶಯದ ತಳ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಮಳೆ ಹಿಡಿದು ನೀರು ಏರುತ್ತಾ ಬಂದಾಗ ನೀವು ಹೂತದ್ದೆಲ್ಲ ಶರಾವತಿಯೊಳಗೇ ಇರುತ್ತದೆ.

ಹಳ್ಳಕ್ಕೆ ಬಿಡುವುದಂತೂ ಮಾತೇ ಇಲ್ಲ. ಮಳೆಗಾಲದಲ್ಲಿ ಅಬ್ಬರಿಸುವ ಹಳ್ಳ ಮಾರ್ಚ್, ಏಪ್ರಿಲ್ ಹೊತ್ತಿಗೆ ನಾಲ್ಕಾರು ಗುಂಡಿಗಳಾಗಿ ಉಳಿದಿರುತ್ತದೆ. ಮೀನು, ಕಪ್ಪೆ, ಕಾಡುಪ್ರಾಣಿ ಎಲ್ಲದಕ್ಕೂ ಅಷ್ಟೇ ನೀರು. ಅದಕ್ಕೆ ಸೋಪಿನ ನೀರು ಬಿದ್ದರೂ ಮೀನಿನ ಕಿವಿರು ಕೆಡುತ್ತದೆ. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಹೊಳೆ, ಬಾವಿ, ನೆಲ ಯಾವುದಕ್ಕೇ ಆದರೂ ಗೊತ್ತಿದ್ದೂ ಕೊಳೆ ಬಿಡುವುದು ಅಪರಾಧ. ಪೇಟೆಯ ರಸ್ತೆ ಬದಿಯ ಚರಂಡಿಯೂ ಬೇಡ. ಅದು ಮಳೆ ನೀರಿಗೆ ಮಾಡಿದ್ದು, ಸೀದಾ ಹಳ್ಳಕ್ಕೋ ಹೊಳೆಗೋ ಸೇರುತ್ತದೆ. ಶಿವಮೊಗ್ಗದ ಜನ ಕುಡಿಯುವುದು ತುಂಗೆಯ ನೀರು, ಕೂಡ್ಲಿಯಲ್ಲಿ ಭದ್ರೆ ಸೇರಿದ ಮೇಲೆ ಕೆಳಗಿನ ಊರುಗಳೂ ಅದನ್ನೇ ಕುಡಿಯುತ್ತವೆ.

ಹಾಗಾದರೆ ಎಲ್ಲಿ? ಹೊರದೇಶಗಳಲ್ಲಿ ಕ್ಯಾಂಪ್ ಜಾಗಗಳಲ್ಲೇ ಟ್ಯಾಂಕ್ ಖಾಲಿ ಮಾಡುವ ಕಟ್ಟೆ ಇರುತ್ತದೆ. ನಮ್ಮಲ್ಲಿ ಅದನ್ನು ನಂಬಿಕೊಂಡು ಹೊರಡುವ ಹಾಗಿಲ್ಲ. ಇಲ್ಲಿ ಇರುವ ದಾರಿ ಎರಡು: ಪೇಟೆಯ ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ ಸೇರಿರುವ ಟಾಯ್ಲೆಟ್, ಇಲ್ಲವೇ ಸರಿಯಾಗಿ ಕಟ್ಟಿದ ಸೆಪ್ಟಿಕ್ ಟ್ಯಾಂಕ್. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಮಾತ್ರ ನೀವಾಗಿ ಎತ್ತಬೇಡಿ. ಒಳಗಿನ ವಿಷಗಾಳಿ ಜೀವ ತೆಗೆಯುತ್ತದೆ.

"ಸರಿಯಾಗಿ ಕಟ್ಟಿದ" ಅನ್ನುವ ಮಾತಿನ ಮೇಲೆ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಡೆ ನೆಲದೊಳಗೆ ಇರುವುದನ್ನೆಲ್ಲ ಸೆಪ್ಟಿಕ್ ಟ್ಯಾಂಕ್ ಅಂತಲೇ ಕರೆಯುತ್ತಾರೆ. ಅದರಲ್ಲಿ ಬಹಳಷ್ಟು ತಳವೇ ಇಲ್ಲದ ಹೊಂಡಗಳು. ಸಿಮೆಂಟ್ ರಿಂಗ್ ಇಳಿಸಿರುತ್ತಾರೆ, ತಳಕ್ಕೆ ಏನೂ ಇಲ್ಲ, ನೀರೆಲ್ಲ ನೆಲಕ್ಕೆ ಇಂಗಲಿ ಅಂತಲೇ ಮಾಡಿದ್ದು. ಒಂದು ಮನೆಯ ಐದಾರು ಜನ, ಚೊಂಬು ಲೆಕ್ಕದಲ್ಲಿ ನೀರು ಹಾಕಿಕೊಂಡು ಬಳಸಿದರೆ ಅದು ಹೇಗೋ ನಡೆದುಕೊಂಡು ಹೋಗುತ್ತದೆ. ಅದಕ್ಕೆ ನೀವು ಒಂದೇ ಸಲ 60 ಲೀಟರ್ ಗಟ್ಟಿ ಕೊಳೆ ಸುರಿದರೆ ಹೊಂಡದ ಗೋಡೆಯಿಂದ ಅದು ಹಾಗೇ ಬಸಿದು ಹೋಗುತ್ತದೆ. ಇಂಗುಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಬೇಕು ಅಂತ ಭಾರತೀಯ ಮಾನಕ ಹೇಳುತ್ತದೆ. ಹಳೇ ಮನೆಗಳಲ್ಲಿ ಅಳೆದು ನೋಡಿ, ಅರ್ಧವೂ ಇರುವುದಿಲ್ಲ.

ಹಾಗಾಗಿ ಸುಮ್ನೆ "ಸೆಪ್ಟಿಕ್ ಟ್ಯಾಂಕ್ ಇದೆಯಾ" ಅಂತ ಕೇಳಿದರೆ ಸಾಲದು. ತಳಕ್ಕೆ ಕಾಂಕ್ರೀಟ್ ಹಾಕಿದೆಯಾ ಕೇಳಿ. ಒಳಗೆ ಅಡ್ಡಗೋಡೆ ಇದೆಯಾ, ಹೊರಗೆ ಹೋಗುವ ನೀರಿಗೆ ಬೇರೆ ಇಂಗುಗುಂಡಿ ಇದೆಯಾ ಕೇಳಿ. ಎಲ್ಲಕ್ಕಿಂತ ಮುಖ್ಯ, ಕೊನೆಯ ಸಲ ಸಕ್ಕಿಂಗ್ ಮೆಷಿನ್, ಅಂದರೆ ಟ್ಯಾಂಕಿನ ಕೆಸರು ಹೀರುವ ಗಾಡಿ ಕರೆಸಿದ್ದು ಯಾವಾಗ ಅಂತ ಕೇಳಿ. ಎಷ್ಟೋ ಯಜಮಾನರು ಬಹಳ ಖುಷಿಯಿಂದ "ಕಟ್ಟಿ 20 ವರ್ಷ ಆಯ್ತು, ಒಂದು ಸಲಾನೂ ತುಂಬಿಲ್ಲ ಮಾರಾಯ್ರೆ" ಅನ್ನುತ್ತಾರೆ. ಆ ಉತ್ತರ ಬಂದರೆ ಅಲ್ಲಿ ಸುರಿಯಬೇಡಿ. ನಿಜವಾದ ಸೆಪ್ಟಿಕ್ ಟ್ಯಾಂಕಿನಲ್ಲಿ ತಳಕ್ಕೆ ಕೆಸರು ಕೂರುತ್ತಲೇ ಇರುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ತೆಗೆಸಲೇಬೇಕು. ತುಂಬಲೇ ಇಲ್ಲ ಅಂದರೆ ಅದು ಕೆಳಗಿನಿಂದ ಸೋರುತ್ತಿದೆ ಅಂತ ಲೆಕ್ಕ. ನಾನು ಆ ಯಜಮಾನರಿಗೆ ಹೇಳುವುದು ಇಷ್ಟೇ, ಬಾವಿ ನೀರು ಪರೀಕ್ಷೆ ಮಾಡಿಸಿ. ಎಚ್‌2ಎಸ್ ಬಾಟಲಿ ಅಂತ ಸಿಗುತ್ತದೆ, ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ ಕೆಟ್ಟ ನೀರು ಕಪ್ಪಾಗುತ್ತದೆ. ಕನ್ನಡಿ ಥರ ತಿಳಿಯಾದ ನೀರು ಕಪ್ಪಾಗುವುದನ್ನು ನೋಡಿದವರಿಗೆ ಮತ್ತೆ ವಿವರಿಸಿ ಹೇಳಬೇಕಾಗುವುದಿಲ್ಲ.

ಕೆಲವರು ಪ್ರೀತಿಯಿಂದಲೇ "ತೋಟಕ್ಕೆ ಬಿಟ್ಟುಬಿಡಿ, ಅಡಿಕೆಗೆ ಗೊಬ್ಬರ ಆಗುತ್ತದೆ" ಅನ್ನುತ್ತಾರೆ. ಬೇಡ ಅನ್ನಿ. ಹಸಿ ಮಲ ಗೊಬ್ಬರ ಅಲ್ಲ. ಹೊಂಡದಲ್ಲಿ ಮುಚ್ಚಿಟ್ಟು ಕನಿಷ್ಠ ಒಂದು ವರ್ಷ ಕಳೆಯಬೇಕು, ಆಮೇಲೆ ಅದು ಮುಟ್ಟುವ ಹಾಗಾಗುತ್ತದೆ. ಜಂತುಹುಳದ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದೇ ತೋಟದಲ್ಲಿ ಹೆಂಗಸರು ಬರಿಗಾಲಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಾರೆ, ಬಸಿಗಾಲುವೆ ನೀರು ಹಳ್ಳಕ್ಕೆ ಹೋಗುತ್ತದೆ.

ಮುಂದಿನದು ಔಷಧದ ವಿಷಯ. ವಾಸನೆ ಬರಬಾರದು ಅಂತ ಟ್ಯಾಂಕಿಗೆ ನೀಲಿ ಬಣ್ಣದ ದ್ರವ ಹಾಕುತ್ತಾರೆ. ಹಲವು ಬ್ರ್ಯಾಂಡುಗಳಲ್ಲಿ ಇರುವುದು ಫಾರ್ಮಾಲ್ಡಿಹೈಡ್ ಅಥವಾ ಅದರಂಥದ್ದೇ ಇನ್ನೊಂದು ರಾಸಾಯನಿಕ. ಅದು ವಾಸನೆ ತಡೆಯುವುದು ಬ್ಯಾಕ್ಟೀರಿಯಾ ಕೊಂದು. ಆದರೆ ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ಬ್ಯಾಕ್ಟೀರಿಯಾದಿಂದ! ಹೋಂಸ್ಟೇಯವರು ಒಳ್ಳೆ ಮನಸ್ಸಿನಿಂದ ಜಾಗ ಕೊಟ್ಟರು, ನೀವು ಅವರ ಟ್ಯಾಂಕನ್ನೇ ಕೊಂದು ಹೋದಿರಿ ಅಂದ ಹಾಗಾಯ್ತು. ಒಂದು ಗಾಡಿಯ ನೀರು ದೊಡ್ಡ ಟ್ಯಾಂಕಿನಲ್ಲಿ ತೆಳುವಾಗಿ ಹೋಗಬಹುದು, ವಾರಾಂತ್ಯದಲ್ಲಿ ನಾಲ್ಕು ಗಾಡಿ ಬಂದರೆ ಆಗುವುದಿಲ್ಲ. ಲೇಬಲ್ ಓದಿ. ಫಾರ್ಮಾಲ್ಡಿಹೈಡ್, ಗ್ಲುಟರಾಲ್ಡಿಹೈಡ್, ಬ್ರೊನೊಪೋಲ್ ಅಂತ ಇದ್ದರೆ ಬಿಟ್ಟುಬಿಡಿ, ಎನ್‌ಜೈಮ್ ಇರುವುದನ್ನು ತಗೊಳ್ಳಿ. ಫಿನಾಯಿಲ್, ಆ್ಯಸಿಡ್, ಬ್ಲೀಚಿಂಗ್ ಪೌಡರ್ ಕೂಡ ಟ್ಯಾಂಕಿಗೆ ಬೇಡ. ಇದು ನಮ್ಮ ಜನರ ಹಳೇ ಅಭ್ಯಾಸ, ವಾಸನೆ ಬಂತು ಅಂದ ಕೂಡಲೇ ಫಿನಾಯಿಲ್ ಸುರಿಯುವುದು. ವೆಟ್ ವೈಪ್, ಪ್ಯಾಡ್, ಡೈಪರ್ ಒಳಗೆ ಹೋಗಲೇಬಾರದು.

ಖಾಲಿ ಮಾಡುವ ಕೆಲಸ ಕಷ್ಟದ್ದಲ್ಲ. ಗ್ಲೌಸ್ ಹಾಕಿಕೊಳ್ಳಿ. ಕ್ಯಾಸೆಟ್ ಥರದ್ದಾದರೆ 20 ಲೀಟರ್ ಆಸುಪಾಸು ಇರುತ್ತದೆ, ಎತ್ತಿಕೊಂಡು ಹೋಗಿ ಟಾಯ್ಲೆಟ್ಟಿಗೆ ನಿಧಾನಕ್ಕೆ ಸುರಿದು ನೀರು ಹಾಕಿ, ಬೇಸಿನ್ ತೊಳೆದು ಬನ್ನಿ. ದೊಡ್ಡ ಟ್ಯಾಂಕಾದರೆ ವಾಲ್ವ್ ಯಾವಾಗಲೂ ಮುಚ್ಚಿರಲಿ, ಮುಕ್ಕಾಲು ತುಂಬಿದ ಮೇಲೆ ಬಿಡಿ. ತೆರೆದೇ ಇಟ್ಟರೆ ನೀರು ಹೋಗಿ ಗಟ್ಟಿ ಒಳಗೇ ಕೂರುತ್ತದೆ. ಮೊದಲು ಕಕ್ಕಸಿನ ಟ್ಯಾಂಕ್, ಆಮೇಲೆ ಬಚ್ಚಲ ನೀರಿನದು, ಹಾಗೆ ಮಾಡಿದರೆ ಪೈಪ್ ತಾನಾಗಿ ತೊಳೆದು ಹೋಗುತ್ತದೆ. ಸಣ್ಣ ಸೆಪ್ಟಿಕ್ ಟ್ಯಾಂಕಿಗೆ ನೂರಾರು ಲೀಟರ್ ಧಬಾರನೆ ಬಿಡಬೇಡಿ, ತಳದ ಕೆಸರು ಎದ್ದು ಇಂಗುಗುಂಡಿಗೆ ಹೋಗಿ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರು ತುಂಬಿಸುವ ಪೈಪ್ ಈ ಕೆಲಸಕ್ಕೆ ಎಂದೂ ಬರಬಾರದು, ಬಣ್ಣವೇ ಬೇರೆ ಇರಲಿ, ಇಡುವ ಜಾಗವೂ ಬೇರೆ ಇರಲಿ.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಇಳಿಯುವ ಮುಂಚೆಯೇ ಟ್ಯಾಂಕ್ ಖಾಲಿ ಮಾಡಿಕೊಳ್ಳಿ. 100 ಲೀಟರ್ ನೀರು ಅಂದರೆ 100 ಕೆಜಿ, ಅರ್ಧ ತುಂಬಿದ ಟ್ಯಾಂಕಿನಲ್ಲಿ ಅದು ಪ್ರತಿ ತಿರುವಿಗೂ ಅತ್ತಿತ್ತ ತುಳುಕುತ್ತದೆ. ಮುಚ್ಚಳ ಸಡಿಲ ಇದ್ದರೆ ಘಾಟಿಯೇ ಚರಂಡಿ ಆಗುತ್ತದೆ.

ಬಚ್ಚಲ ನೀರಿಗೆ ಸ್ವಲ್ಪ ಸಡಿಲಿಕೆ ಇದೆ. ಹಳೇ ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೇ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಜಾಗದವರು ಒಪ್ಪಿದರೆ, ಬಾವಿ ಮತ್ತು ಹಳ್ಳದಿಂದ 60 ಮೀಟರ್ ದೂರದಲ್ಲಿ, ಒಂದೇ ಕಡೆ ನಿಲ್ಲದ ಹಾಗೆ ಹರಡಿ ಹಾಕಬಹುದು. ಆದರೆ ಪಾತ್ರೆ ತೊಳೆಯುವ ಮುಂಚೆ ಎಣ್ಣೆ ಜಿಡ್ಡನ್ನು ಕಾಗದದಲ್ಲಿ ಒರೆಸಿ ತೆಗೆಯಿರಿ, ಅನ್ನದಗುಳು ಜರಡಿಯಲ್ಲಿ ಹಿಡಿಯಿರಿ, ಸೋಪಿನ ಬದಲು ಅಂಟುವಾಳ, ಸೀಗೆಪುಡಿ ಆದೀತು. ಮಣ್ಣಿನಲ್ಲಿ ಕರಗುವ ಸೋಪು ಅಂತ ಬರೆದಿದ್ದರೆ ಅದು ಮಣ್ಣಿನಲ್ಲಿ ಕರಗುತ್ತದೆ, ಹಳ್ಳದಲ್ಲಿ ಕರಗಬೇಕಾಗಿಲ್ಲ. ಮಳೆಗಾಲದಲ್ಲಿ ಈ ಸಡಿಲಿಕೆಯೂ ಇಲ್ಲ, ನೆಲ ಮೊದಲೇ ತುಂಬಿರುತ್ತದೆ. ಆಗ ಅದೂ ಟ್ಯಾಂಕಿನಲ್ಲೇ ಇರಲಿ. ಕಾಡಿನೊಳಗೆ, ಅಭಯಾರಣ್ಯದಲ್ಲಿ ಯಾವ ಕಾಲದಲ್ಲೂ ಬೇಡ.

ಕೊನೆಯದಾಗಿ ಹೋಂಸ್ಟೇ ನಡೆಸುವವರಿಗೆ. ಗಾಡಿಗಳು ಬರುವುದು ನಿಲ್ಲುವುದಿಲ್ಲ, ನೀವು ಜಾಗ ಕೊಡದಿದ್ದರೆ ಅವರು ನಿಮ್ಮ ಗುಡ್ಡದಲ್ಲೇ ಎಲ್ಲೋ ಬಿಟ್ಟು ಹೋಗುತ್ತಾರೆ. ನಿಮ್ಮಲ್ಲಿ ತಳ ಇರುವ, ಸಾಕಷ್ಟು ದೊಡ್ಡ ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದಕ್ಕೆ ಮುಂಚಿನ ಚೇಂಬರ್ ಹತ್ತಿರ ಗಾಡಿ ನಿಲ್ಲುವಷ್ಟು ಜಾಗ ಮಾಡಿ. ನಾಲ್ಕಿಂಚು ಪಿವಿಸಿ ಪೈಪ್, ವಾಸನೆ ತಡೆಯಲು ಟ್ರ್ಯಾಪ್, ಮೇಲೊಂದು ಬಿಗಿ ಮುಚ್ಚಳ, ಸುತ್ತ ಒಳಕ್ಕೆ ಇಳಿಜಾರಾಗಿ ಸಿಮೆಂಟ್ ಕಟ್ಟೆ, ಪಕ್ಕದಲ್ಲೊಂದು ನಲ್ಲಿ. ಮೇಸ್ತ್ರಿ ಮತ್ತು ಪ್ಲಂಬರ್ ಸೇರಿ ಒಂದೆರಡು ದಿನದಲ್ಲಿ ಮುಗಿಸುವ ಕೆಲಸ. ಮಳೆ ನೀರು ಅದರೊಳಗೆ ಹೋಗದ ಹಾಗೆ ಕಟ್ಟೆ ಎತ್ತರಿಸಿ. ಸಕ್ಕಿಂಗ್ ಮೆಷಿನ್ನಿಗೆ ಖರ್ಚು ಬರುತ್ತದೆ, ಆದ್ದರಿಂದ ದುಡ್ಡು ತಗೊಳ್ಳಿ, ಸಂಕೋಚ ಬೇಡ. ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ, ಸುರಕ್ಷತಾ ಸಾಧನ ಇಲ್ಲದೆ ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧಿಸಿದೆ. ವಾಲ್ವ್ ತೆರೆಯುವ ಮುಂಚೆ ಗಾಡಿಯವರ ಹತ್ತಿರ ಔಷಧದ ಬಾಟಲಿ ತೋರಿಸಿ ಅಂತ ಕೇಳಿ. ತೋರಿಸಲಿಲ್ಲ ಅಂದರೆ, ಅಥವಾ ಮೇಲೆ ಹೇಳಿದ ಹೆಸರು ಅದರಲ್ಲಿ ಇದ್ದರೆ, ಇಲ್ಲಿ ಆಗುವುದಿಲ್ಲ, ಪೇಟೆಯ ಯುಜಿಡಿ ಇರುವ ಕಡೆ ಹೋಗಿ ಅನ್ನಿ.