ಒಂದು ಸಲ ನೋಡಿ ಸ್ವಭಾವ ಇಂಥದ್ದು ಅಂತ ಹೇಳೋಕಾಗುತ್ತಾ?

ಯಾರಾದ್ರೂ ನಮ್ಮ ಮೇಲೆ ರೇಗಿದ್ರೆ ತಕ್ಷಣ "ಸಿಡುಕು ಮನುಷ್ಯ" ಅಂದ್ಬಿಡ್ತೀವಿ, ಅದೇ ನಾವು ರೇಗಿದಾಗ ಮಾತ್ರ ನಿದ್ದೆ ಆಗಿರ್ಲಿಲ್ಲ, ತಲೆ ತುಂಬಾ ಟೆನ್ಷನ್ ಇತ್ತು ಅಂತ ನೂರೆಂಟು ಕಾರಣ ಸಿಗುತ್ತೆ. ಬೇರೆಯವರ ವಿಷಯದಲ್ಲಿ ನಾವು ಸನ್ನಿವೇಶವನ್ನ ಮರೀತೀವಾ ಅಂತ 1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಅನ್ನೋ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿದ್ರು. ಕ್ಯೂಬಾದ ನಾಯಕ ಕ್ಯಾಸ್ಟ್ರೋ ಪರವಾಗಿ ಇಲ್ಲಾ ವಿರುದ್ಧವಾಗಿ ಬರೆದ ಪ್ರಬಂಧ ಓದಿಸಿ, ಬರೆದವನ ನಿಜವಾದ ಅಭಿಪ್ರಾಯ ಏನಿರಬಹುದು ಅಂತ ಕೇಳಿದ್ರು. ಯಾವ ಕಡೆ ಬರೀಬೇಕು ಅನ್ನೋದು ಅವನ ಆಯ್ಕೆ ಆಗಿರ್ಲಿಲ್ಲ ಅಂತ ತಿಳಿಸಿದ್ರೂ ಓದಿದವರು, ಪರ ಬರೆದವನಿಗೆ ಕ್ಯಾಸ್ಟ್ರೋ ಮೇಲೆ ಹೆಚ್ಚು ಒಲವಿದೆ ಅಂತಲೇ ಅಂದಾಜು ಮಾಡಿದ್ರು! ಹೀಗೆ ಸನ್ನಿವೇಶವನ್ನ ಬದಿಗಿಟ್ಟು ಎಲ್ಲಾನೂ ಸ್ವಭಾವದ ಮೇಲೆ ಹಾಕೋ ತಪ್ಪಿಗೆ 1977ರಲ್ಲಿ ಮನಶ್ಶಾಸ್ತ್ರಜ್ಞ ಲೀ ರಾಸ್ ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್ ಅಂತ ಹೆಸರಿಟ್ರು.

ಸನ್ನಿವೇಶಕ್ಕೆ ಎಷ್ಟು ಶಕ್ತಿ ಇದೆ ಅಂತ ನೋಡೋಕೆ ನನಗೆ ತುಂಬಾ ಇಷ್ಟ ಆಗೋದು ಡಾರ್ಲಿ ಮತ್ತು ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿ ಆಗೋಕೆ ಓದ್ತಿದ್ದ ಹುಡುಗರನ್ನ ಪಕ್ಕದ ಕಟ್ಟಡಕ್ಕೆ ಭಾಷಣ ಮಾಡೋಕೆ ಕಳಿಸ್ತಾರೆ, ದಾರೀಲಿ ಒಬ್ಬ ಕುಸಿದು ಕೂತು ಕೆಮ್ತಾ ನರಳ್ತಾ ಇರ್ತಾನೆ. ಟೈಮ್ ಇದ್ದವರಲ್ಲಿ 63% ಜನ ಸಹಾಯಕ್ಕೆ ಬಂದ್ರು, ತುಂಬಾ ಲೇಟಾಗಿದೆ ಬೇಗ ಹೋಗಿ ಅಂತ ಹೇಳಿಸಿಕೊಂಡವರಲ್ಲಿ ಬರೀ 10%. ಆ ಹುಡುಗರಲ್ಲಿ ಕೆಲವರು ಹೊರಟಿದ್ದೇ ದಾರೀಲಿ ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಬೈಬಲ್ ಕಥೆ ಬಗ್ಗೆ ಮಾತಾಡೋಕೆ, ಆದ್ರೂ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗ್ಲಿಲ್ಲ.

ಇದಕ್ಕೂ ಮುಂಚೆ, 1968ರಲ್ಲೇ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಒಂದು ಬಾಂಬ್ ಹಾಕಿದ್ರು. ಪರ್ಸನಾಲಿಟಿ ಟೆಸ್ಟ್ ಅಂಕಕ್ಕೂ ಒಂದು ಸಂದರ್ಭದಲ್ಲಿ ಮನುಷ್ಯ ನಡ್ಕೊಳ್ಳೋದಕ್ಕೂ ಇರೋ ಕೋರಿಲೇಶನ್ (ಎರಡಕ್ಕೂ ಎಷ್ಟು ನಂಟಿದೆ ಅನ್ನೋ ಅಳತೆ; 0 ಅಂದ್ರೆ ನಂಟೇ ಇಲ್ಲ, 1 ಅಂದ್ರೆ ಪೂರ್ತಿ ನಂಟು) 0.30 ದಾಟೋದೇ ಅಪರೂಪ ಅಂತ. ಅದನ್ನ ಹಿಡ್ಕೊಂಡು ಕೆಲವರು ಸ್ವಭಾವ ಅನ್ನೋದೇ ಭ್ರಮೆ ಅನ್ನೋವರೆಗೂ ಹೋದ್ರು, ಇದು ಅತಿಯಾಯ್ತು ಅಂತ ನನ್ನ ಅನಿಸಿಕೆ. ಯಾಕಂದ್ರೆ 1983ರಲ್ಲಿ ಫಂಡರ್ ಮತ್ತು ಓಝರ್ ಸನ್ನಿವೇಶದ ಶಕ್ತಿ ತೋರಿಸೋ ಹೆಸರಾಂತ ಪ್ರಯೋಗಗಳನ್ನ, ಮೇಲೆ ಹೇಳಿದ ಪಾದ್ರಿ ಹುಡುಗರ ಪ್ರಯೋಗವನ್ನೂ ಸೇರಿಸಿ, ಅದೇ ಅಳತೆಗೆ ತಂದು ನೋಡಿದಾಗ ಬಂದದ್ದು ಸುಮಾರು 0.4. ಅಂದ್ರೆ ಸ್ವಭಾವದ ಪ್ರಭಾವ ಸಣ್ಣದು ಅನ್ನೋದಾದ್ರೆ ಸನ್ನಿವೇಶದ್ದೂ ಭಾರೀ ದೊಡ್ಡದೇನಲ್ಲ!

ಇನ್ನೊಂದು ಮಾತು, ಒಂದೇ ಘಟನೆ ನೋಡಿ ಸ್ವಭಾವ ಅಳೆಯೋದು ಒಂದೇ ಪ್ರಶ್ನೆ ಕೇಳಿ ಪರೀಕ್ಷೆ ಮುಗಿಸಿದ ಹಾಗೆ. ಸೀಮೋರ್ ಎಪ್‌ಸ್ಟೀನ್ 1979ರಲ್ಲಿ ತೋರಿಸಿದ್ದೂ ಇದನ್ನೇ: ಒಂದು ದಿನದ ನಡವಳಿಕೆ ಇನ್ನೊಂದು ದಿನದ್ದಕ್ಕೆ ಅಷ್ಟೇನೂ ಹೊಂದಲ್ಲ, ತುಂಬಾ ದಿನಗಳ ಸರಾಸರಿ ತಗೊಂಡ್ರೆ ಮನುಷ್ಯ ಚೆನ್ನಾಗೇ ಸ್ಥಿರವಾಗಿ ಕಾಣ್ತಾನೆ.

ಸರಾಸರಿಯಲ್ಲೂ ಒಂದು ವಿಷಯ ಕಳೆದುಹೋಗುತ್ತೆ ಅಂತ ಮುಂದೆ ಮಿಶೆಲ್ ಅವರೇ ತೋರಿಸಿದ್ರು. ಅವರು, ಯೂಇಚಿ ಶೋಡಾ ಮತ್ತು ರೈಟ್ ಸೇರಿ ಮಕ್ಕಳ ಬೇಸಿಗೆ ಶಿಬಿರದಲ್ಲಿ ಒಂದೊಂದು ಮಗುವನ್ನೂ ಐದು ಥರದ ಸಂದರ್ಭಗಳಲ್ಲಿ ಗಮನಿಸಿದ್ದು 1994ರಲ್ಲಿ ಪ್ರಕಟ ಆಯ್ತು: ಜೊತೆಯ ಮಗು ಮಾತಾಡಿಸಿದಾಗ, ರೇಗಿಸಿದಾಗ, ದೊಡ್ಡವರು ಹೊಗಳಿದಾಗ, ಎಚ್ಚರಿಸಿದಾಗ, ಶಿಕ್ಷೆ ಕೊಟ್ಟಾಗ. ಒಟ್ಟಾರೆ ಜಗಳಗಂಟತನ ಒಂದೇ ಸಮ ಇರೋ ಇಬ್ಬರಲ್ಲಿ ಒಬ್ಬ ಗೆಳೆಯರು ಕೆಣಕಿದಾಗ ಮಾತ್ರ ಕೆರಳ್ತಾನೆ, ಇನ್ನೊಬ್ಬ ದೊಡ್ಡವರು ಗದರಿದಾಗ. ಎಷ್ಟೋ ಮಕ್ಕಳಲ್ಲಿ ಈ 'ಹೀಗಾದ್ರೆ ಹಾಗೆ' ಅನ್ನೋ ಪ್ಯಾಟರ್ನ್ ಬೇಸಿಗೆ ಪೂರ್ತಿ ಮತ್ತೆ ಮತ್ತೆ ಕಾಣಿಸ್ತು. ಇಬ್ಬರಿಗೂ "ಜಗಳಗಂಟ" ಅಂತ ಒಂದೇ ಲೇಬಲ್ ಹಚ್ಚಿದ್ರೆ, ಯಾರಿಗೆ ಯಾವಾಗ ಸಹಾಯ ಬೇಕು ಅನ್ನೋದು ಗೊತ್ತೇ ಆಗಲ್ಲ.