ಮೈಂಡ್‌ಫುಲ್‌ನೆಸ್‌ಗೆ ಕನ್ನಡದಲ್ಲಿ ಏನಂತಾರೆ?

‘ಏನೋ, ಯಾವ ಧ್ಯಾನದಲ್ಲಿದ್ದೀಯ?’ ನಮ್ಮ ಮೇಷ್ಟ್ರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಪ್ರಶ್ನೆ ಇದು. ಜುಲೈ ಮಳೆ ಹೆಂಚಿನ ಮೇಲೆ ಬಡಿಯುವಾಗ ಪಾಠ ಕೇಳಿಸುತ್ತಲೇ ಇರಲಿಲ್ಲ. ನಾವು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಿದ್ದೆವು. ಅದಕ್ಕೆ ಅವರಿಟ್ಟ ಹೆಸರು ಪರಧ್ಯಾನ. ಈಗ ಎಷ್ಟೋ ಶಾಲೆಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಧ್ಯಾನ ಮಾಡಿಸುತ್ತಾರೆ. ಕಾಯಿಲೆಗೂ ಧ್ಯಾನ ಅಂತೀವಿ, ಮದ್ದಿಗೂ ಧ್ಯಾನ ಅಂತೀವಿ. ಮಕ್ಕಳು ಗೊಂದಲಪಡದೆ ಇನ್ನೇನು ಮಾಡಿಯಾರು?

ಧ್ಯಾನ ಸಂಸ್ಕೃತದ ಪದ. ಒಂದೇ ವಿಷಯವನ್ನು ಬಿಡದೆ ಯೋಚಿಸುವುದು ಅಂತ ಅದರ ಮೂಲದ ಅರ್ಥ. ಬೌದ್ಧರ ಜೊತೆ ಅದು ಚೀನಾಕ್ಕೆ ಹೋಗಿ ‘ಚಾನ್’ ಆಯಿತು, ಜಪಾನಿಗೆ ಹೋಗಿ ‘ಝೆನ್’ ಆಯಿತು. ಮೈಂಡ್‌ಫುಲ್‌ನೆಸ್, ಅಂದರೆ ಈ ಗಳಿಗೆಯ ಮೇಲೆ ಗಮನ ಇಡುವುದು, ಬಂದ ದಾರಿ ಬೇರೆ. ಹಳೆಯ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ‘ಸತಿ’ ಅನ್ನುವ ಮಾತಿದೆ. ಹೆಂಡತಿ ಅನ್ನುವ ಅರ್ಥದ ಸತಿ ಅಲ್ಲ, ಸಂಸ್ಕೃತದ ಸ್ಮೃತಿ. ಅಂದರೆ ನೆನಪು. 1881ರಲ್ಲಿ ರೀಸ್ ಡೇವಿಡ್ಸ್ ಎಂಬ ವಿದ್ವಾಂಸರು ಇದನ್ನು ಇಂಗ್ಲಿಷಿಗೆ ತರುವಾಗ ಮೈಂಡ್‌ಫುಲ್‌ನೆಸ್ ಎಂದು ಬರೆದರು. ಹೆಸರು ನಿಂತುಬಿಟ್ಟಿತು. ಕುಶಾಲನಗರದಿಂದ ಕಾವೇರಿ ದಾಟಿದರೆ ಬೈಲಕುಪ್ಪೆ. ಅಲ್ಲಿನ ಟಿಬೆಟನ್ನರ ಮಾತಿನಲ್ಲಿ ಇದೇ ‘ದ್ರೆನ್‌ಪಾ’. ಅದರ ಅರ್ಥವೂ ನೆನಪೇ. ನಾವು ಅಲ್ಲಿಗೆ ಹೋಗುವುದು ಮಾತ್ರ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಂಡು ಮೊಮೊ ತಿನ್ನೋಕೆ!

ಯಾವುದರ ನೆನಪು? ಈ ಗಳಿಗೆ ನಾನೇನು ಮಾಡುತ್ತಿದ್ದೇನೆ ಅನ್ನೋದರ ನೆನಪು. ಮೈಮರೆವಿನ ಎದುರು ಪದ. ನನ್ನನ್ನು ಕೇಳಿದರೆ ಇದಕ್ಕೆ ಕನ್ನಡದಲ್ಲಿ ‘ಎಚ್ಚರ’ ಸಾಕು. ನಿದ್ದೆಯಿಂದ ಏಳುವುದೂ ಎಚ್ಚರ, ಜೋಪಾನವಾಗಿ ಇರುವುದೂ ಎಚ್ಚರ. ‘ಸಾವಧಾನ’ ಅಂತ ಬರೆಯುವವರೂ ಇದ್ದಾರೆ. ಅದು ಕಿವಿಗೆ ಬಿದ್ದರೆ ನನಗೆ ಮದುವೆ ಮಂಟಪವೇ ಕಣ್ಮುಂದೆ ಬರುತ್ತದೆ.

ಹಾಗಾದರೆ ಧ್ಯಾನಕ್ಕೂ ಎಚ್ಚರಕ್ಕೂ ಏನು ಸಂಬಂಧ? ಹಾಕಿ ಆಡಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಬೆಳಿಗ್ಗೆ ಮೈದಾನದಲ್ಲಿ ಒಬ್ಬರೇ ನಿಂತು ನೂರು ಸಲ ಚೆಂಡು ತಡೆಯುತ್ತಾರಲ್ಲ, ಅದು ಧ್ಯಾನ. ಮ್ಯಾಚಿನ ಗದ್ದಲದಲ್ಲಿ ಚೆಂಡು ಬಂದಾಗ ಸ್ಟಿಕ್ ತಾನಾಗಿ ಅಲ್ಲಿರುತ್ತದಲ್ಲ, ಅದು ಎಚ್ಚರ.

ಕೊಡಗಿನ ಮಕ್ಕಳಿಗೆ ಎಚ್ಚರ ಹೊಸದೇನಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಆನೆಗಳು ತೋಟದೊಳಗೇ ಇರುತ್ತವೆ. ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಹುಡುಗಿಯೊಬ್ಬಳು ಶಾಲೆಗೆ ಹೊರಟವಳು ತಿರುವಿನಲ್ಲಿ ನನ್ನನ್ನು ತಡೆದಿದ್ದಳು. ‘ಅಣ್ಣಾ, ನಿಲ್ಲಿ. ಲದ್ದಿ ಹಸಿಯಾಗಿದೆ.’ ನಾನು ಅದನ್ನು ನೋಡಿಯೇ ಇರಲಿಲ್ಲ. ಇಬ್ಬರೂ ಉಸಿರು ಹಿಡಿದು, ಕೊಂಬೆ ಮುರಿಯುವ ಸದ್ದು ಬರುತ್ತದಾ ಅಂತ ಕೇಳಿದೆವು. ಅವಳ ಮೈಯೆಲ್ಲಾ ಕಿವಿ.

ಆದರೆ ಅದು ಭಯದ ಎಚ್ಚರ. ಎದೆ ಡವಡವ ಅನ್ನುತ್ತಿರುತ್ತದೆ. ಆನೆ ಇದ್ದಾಗ ಅದು ಬೇಕೇ ಬೇಕು. ಆನೆ ಇಲ್ಲದಾಗಲೂ, ಗಣಿತದ ಪೇಪರ್ ಮುಂದೆ ಕೂತಾಗಲೂ ಎದೆ ಹಾಗೇ ಬಡಿದುಕೊಂಡರೆ ಕಷ್ಟ. ಮಕ್ಕಳಿಗೆ ಕಲಿಸಬೇಕಾದ್ದು ಭಯವಿಲ್ಲದ ಎಚ್ಚರ. ಇದರಲ್ಲಿ ಉಸಿರಿನದೇ ದೊಡ್ಡ ಪಾಲು. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಟ್ಟಾಗ ಮೆದುಳಿನಿಂದ ಎದೆ, ಹೊಟ್ಟೆವರೆಗೆ ಇಳಿದಿರುವ ವೇಗಸ್ ನರ ಗುಂಡಿಗೆಯ ಓಟವನ್ನು ತಗ್ಗಿಸುತ್ತದೆ. ಇದರಲ್ಲಿ ಪವಾಡ ಏನಿಲ್ಲ. ಚಿಕ್ಕ ಮಕ್ಕಳನ್ನು ಚಾಪೆ ಮೇಲೆ ಮಲಗಿಸಿ, ಹೊಟ್ಟೆ ಮೇಲೊಂದು ಆಟದ ಗೊಂಬೆ ಇಟ್ಟು, ಅದು ಏಳುವುದು, ಇಳಿಯುವುದು ನೋಡಲು ಹೇಳಿದರೆ ಸಾಕು. ಎರಡು ಮೂರು ನಿಮಿಷ, ಜಾಸ್ತಿ ಬೇಡ. ‘ನನಗೆ ಈಗ ಸಿಟ್ಟು ಬರ್ತಾ ಇದೆ’ ಅಂತ ಮಗು ತಾನೇ ಗುರುತಿಸಿದರೆ, ಕೈ ಎತ್ತುವ ಮೊದಲು ಒಂದು ಗಳಿಗೆ ಸಿಗುತ್ತದೆ. ಲಾಭ ಅಂದರೆ ಆ ಒಂದು ಗಳಿಗೆಯೇ.

ಕಣ್ಣು ಮುಚ್ಚಲೇಬೇಕು ಅನ್ನುವ ಹಟ ಮಾತ್ರ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಿದ್ದನ್ನು ನಾವು ಯಾರೂ ಮರೆತಿಲ್ಲ. ಅಂಥದ್ದನ್ನು ಕಂಡ ಮಗುವನ್ನು ಜೋರು ಮಳೆಯಲ್ಲಿ ಕಣ್ಣು ಮುಚ್ಚಿಸಿ ಕೂರಿಸಿದರೆ ಹಳೆಯ ಹೆದರಿಕೆಯೇ ಎದ್ದು ಬರಬಹುದು. ಕಣ್ಣು ತೆರೆದೇ ಇರಲಿ. ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿದರೂ ಆಯಿತು. ಗಲಾಟೆ ಮಾಡಿದ್ದಕ್ಕೆ ಶಿಕ್ಷೆ ಅಂತ ಧ್ಯಾನಕ್ಕೆ ಕೂರಿಸುವುದಂತೂ ಬೇಡವೇ ಬೇಡ.

ಇದರಿಂದ ಎಲ್ಲಾ ಸರಿಹೋಗುತ್ತದೆ ಅನ್ನುವವರನ್ನು ನಂಬಬೇಡಿ. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ, 11ರಿಂದ 14 ವರ್ಷದ ಸುಮಾರು 8000 ಮಕ್ಕಳ ಮೇಲೆ ‘ಮಿರಿಯಡ್’ ಎಂಬ ದೊಡ್ಡ ಅಧ್ಯಯನ ನಡೆಯಿತು. 2022ರಲ್ಲಿ ಬಂದ ಫಲಿತಾಂಶ ಸಪ್ಪೆ. ತರಗತಿಗೆಲ್ಲ ಒಟ್ಟಿಗೆ ಮೈಂಡ್‌ಫುಲ್‌ನೆಸ್ ಕಲಿಸಿದ್ದರಿಂದ, ಮಾಮೂಲಿ ಪಾಠಕ್ಕಿಂತ ಮಕ್ಕಳ ಮನಸ್ಸಿಗೆ ಹೆಚ್ಚೇನೂ ಅನುಕೂಲ ಆಗಿರಲಿಲ್ಲ. ಹೆಚ್ಚಿನವರು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ತಮಾಷೆ ಅಂದರೆ, ಶಿಕ್ಷಕರ ಬಳಲಿಕೆ ಸ್ವಲ್ಪ ಕಾಲ ಕಡಿಮೆಯಾಗಿತ್ತು! ಮೊದಲು ದೊಡ್ಡವರು ಕಲಿಯಲಿ ಅಂತ ನನಗೆ ಅನ್ನಿಸಿದ್ದು ಅದಕ್ಕೇ.

ಅಮೆರಿಕದ ಜಾನ್ ಕಬಾಟ್‌ಜಿನ್ 1979ರಲ್ಲಿ ನೋವಿನಿಂದ ನರಳುವವರಿಗಾಗಿ ಮೈಂಡ್‌ಫುಲ್‌ನೆಸ್ ತರಬೇತಿ ಶುರು ಮಾಡಿದರು. ಇವತ್ತಿನ ಶಾಲೆಗಳ ಮೈಂಡ್‌ಫುಲ್‌ನೆಸ್‌ಗೆ ಅದೇ ದಾರಿ ತೋರಿಸಿದ್ದು. ಅದರಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನವಾಗಿ ತಿನ್ನುವ ಪಾಠವಿದೆ. ನಮಗೆ ದ್ರಾಕ್ಷಿ ಯಾಕೆ, ಕಿತ್ತಳೆ ಇದೆಯಲ್ಲ. ಕೊಡಗಿನ ಕಿತ್ತಳೆ ಸಿಗುವುದೇ ಈಗ ಕಷ್ಟ, ಆ ಮಾತು ಬೇರೆ. ಸಿಪ್ಪೆ ಬಿಡಿಸುವಾಗ ಚಿಮ್ಮುವ ಘಾಟು, ಬೆರಳಿಗೆ ಅಂಟುವ ಎಣ್ಣೆ, ಬಿಳಿ ನಾರು, ತೊಳೆ ಒಡೆದಾಗ ಮೊದಲು ಹುಳಿ, ಆಮೇಲೆ ಸಿಹಿ. ಮೊನ್ನೆ ಅದೇ ಲದ್ದಿ ಕಂಡ ಹುಡುಗಿಗೆ ಒಂದು ಕೊಟ್ಟು, ನಾನೂ ಒಂದು ತಗೊಂಡು, ಹೀಗೆ ಹೀಗೆ ತಿನ್ನಬೇಕು ಅಂತ ವಿವರಿಸಿದೆ. ಅವಳು ಮುಗಿಸಿ ಬೆರಳು ನೆಕ್ಕುತ್ತಾ, ‘ನಂದ್ರಲ್ಲಿ ಹನ್ನೊಂದು ತೊಳೆ ಇತ್ತು. ನಿಮ್ದ್ರಲ್ಲಿ ಎಷ್ಟಣ್ಣಾ?’ ಅಂದಳು.

ನನ್ನ ಕೈಯಲ್ಲಿ ಬರೀ ಸಿಪ್ಪೆ ಇತ್ತು.